ಥರ್ಮೋಕೋಲಿನ ಹೃದಯ ಯಾರಿಗೆ ಬೇಕು?

ಫೆಬ್ರವರಿ 28 ಬಂದಿತೆಂದರೆ ನಮ್ಮ ಕಾಲೇಜುಗಳಿಗೆ ಸರಕಾರಿ ಶಾಲೆಯ ಮಕ್ಕಳ ನೆನಪಾಗುತ್ತದೆ. 1928ರಲ್ಲಿ ಅದೇ ದಿನ ಸಿ. ವಿ. ರಾಮನ್ನರು ತಮ್ಮ ಶೋಧವನ್ನು ಪ್ರಕಟಿಸಿದರೆಂದು, 1987ರಿಂದ ಅದನ್ನು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತ ಬಂದಿದ್ದಾರೆ. ಆಚರಿಸಲಿ, ಬೇಡವೆಂದವರು ಯಾರು? ಆದರೆ ಆಚರಿಸುವ ಪರಿಯನ್ನು ನೋಡಿ. ಬಿ.ಎಸ್‌ಸಿ. ಓದುವ ಹುಡುಗ ಹುಡುಗಿಯರು ವ್ಯಾನಿನಿಂದ ಇಳಿಯುತ್ತಾರೆ. ಅವರ ಕೈಯಲ್ಲಿ ಬಣ್ಣ ಬಳಿದ ಥರ್ಮೋಕೋಲಿನ ಹೃದಯ, ಪ್ಲಾಸ್ಟಿಕ್ಕಿನ ಮೂಳೆಗೂಡು. ನಾಲ್ಕನೆಯ ತರಗತಿಯ ಮಕ್ಕಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸಿ, ಅರ್ಧ ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸುತ್ತಾರೆ. ಬಳಿಕ ಬಿಸ್ಕತ್ತು, ಫೋಟೋ, ವಂದನಾರ್ಪಣೆ. ವ್ಯಾನು ಹೊರಟಾಗ ಹೃದಯವೂ ಅದರ ಜೊತೆಗೇ ಹೊರಟುಹೋಗುತ್ತದೆ. ಮುಂದಿನ ಫೆಬ್ರವರಿಯವರೆಗೆ ಆ ಶಾಲೆಗೆ ಹೃದಯವಿಲ್ಲ.

ಇದನ್ನು ವಿಜ್ಞಾನ ಪ್ರಸಾರವೆಂದು ಕರೆಯುವವರನ್ನು ನಾವು ಒಂದು ಮಾತು ಕೇಳಬೇಕಾಗಿದೆ. ಹಣವುಳ್ಳವರ ಮಕ್ಕಳು ಓದುವ ಶಾಲೆಯಲ್ಲಿ ಪ್ರಯೋಗಾಲಯವಿದೆ, ಸೂಕ್ಷ್ಮದರ್ಶಕವಿದೆ, ಸಾಲದೆ ಸಂಜೆಯ ಮನೆಪಾಠವಿದೆ. ಗಿರಣಿ ಕೆಲಸಗಾರನ ಮಗುವಿಗೆ, ಚಿಲ್ಲರೆ ಅಂಗಡಿಯವನ ಮಗುವಿಗೆ ಮಾತ್ರ ವರ್ಷಕ್ಕೊಮ್ಮೆ ತೋರಿಸಿ ಒಯ್ಯುವ ಬೊಂಬೆಯೇ ಸಾಕೆ?

ಜೀವಶಾಸ್ತ್ರ ಕಲಿಸಲು ಬೊಂಬೆ ಬೇಕಿಲ್ಲ. ಅದರ ಸಾಮಗ್ರಿಯೆಲ್ಲ ನಮ್ಮ ಕೇರಿಯಲ್ಲೇ ಪುಕ್ಕಟೆ ಬಿದ್ದಿದೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ಡ್ರಮ್ಮು ಇದ್ದೇ ಇರುತ್ತದೆ. ಡ್ರಮ್ಮಿದ್ದಲ್ಲಿ ಸೊಳ್ಳೆಯ ಮರಿಹುಳ ಇರುತ್ತದೆ. ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ತರಗತಿಯ ಕಿಟಕಿಯಲ್ಲಿ ಇಡಿ. ಹುಳ ತಲೆಕೆಳಗಾಗಿ ತೂಗುತ್ತ, ಬಾಲದ ಕಡೆಯ ಕೊಳವೆಯಿಂದ ಉಸಿರಾಡುವುದನ್ನು ಮಗು ತಾನೇ ಕಾಣುತ್ತದೆ. ಬೇಸಿಗೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕೆಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತಿಳಿಯುತ್ತದೆ. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿರೆಂದು ಆರೋಗ್ಯ ಇಲಾಖೆ ಏಕೆ ಕೂಗುತ್ತದೆಂಬುದು ಆಗ ಅರ್ಥವಾಗುತ್ತದೆ. ಡೆಂಗೆ ಹರಡುವ ಸೊಳ್ಳೆಯ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ತಿಕ್ಕಿ ತೊಳೆಯಬೇಕು. ಈ ಮಾತನ್ನು ಮಗಳು ಮನೆಗೆ ಬಂದು ಅವ್ವನಿಗೆ ಹೇಳಿದ ದಿನ ಒಂದು ಆಸ್ಪತ್ರೆಯ ಬಿಲ್ಲು ಉಳಿಯಬಹುದು.

ವ್ಯಾಪಾರಿ ಬಂಧುಗಳು ಇದು ತಮಗೆ ಸಂಬಂಧಪಡದ ಮಾತೆಂದು ತಿಳಿಯಬಾರದು. ನಿಮ್ಮ ಅಕ್ಕಿ ಮೂಟೆಯಲ್ಲಿ ಬೀಳುವ ಸೊಂಡಿಲಿನ ಕರಿಹುಳವಿದೆಯಲ್ಲ, ಅದು ಕಾಳನ್ನು ಕೊರೆದು, ಒಂದು ಮೊಟ್ಟೆಯಿಟ್ಟು, ಮೇಲೆ ಅಂಟಿನಿಂದ ಮುಚ್ಚಿಬಿಡುತ್ತದೆ. ಮರಿ ಒಳಗೇ ತಿಂದು ಬೆಳೆದು, ಸುಮಾರು ತಿಂಗಳಿಗೆ ತೂತು ಮಾಡಿ ಹೊರಬರುತ್ತದೆ. ಕೊಂಡಾಗ ಚೊಕ್ಕಟವಾಗಿ ಕಂಡ ಅಕ್ಕಿ ಮುಂದಿನ ತಿಂಗಳು ಹುಳವಾದರೆ ಗಿರಾಕಿ ನಿಮ್ಮನ್ನು ಮೋಸಗಾರನೆನ್ನುತ್ತಾನೆ, ನೀವು ಮಂಡಿಯವನನ್ನು ಬೈಯುತ್ತೀರಿ. ಬೈಗುಳಕ್ಕೆ ಮುಂಚೆ ತಿಳಿವಳಿಕೆ ಬರಬೇಡವೆ?

ಇನ್ನು ಹತ್ತಿಯ ಧೂಳಿನಲ್ಲಿ ದುಡಿಯುವವರ ಸಂಗತಿ. ವಾರದ ರಜೆ ಕಳೆದು ಸೋಮವಾರ ಕೆಲಸಕ್ಕೆ ಹೋದವನಿಗೆ ಎದೆ ಬಿಗಿಯುತ್ತದೆ, ಕೆಮ್ಮು ಹತ್ತುತ್ತದೆ. ಬುಧವಾರ ಗುರುವಾರದ ಹೊತ್ತಿಗೆ ಹಗುರವೆನಿಸುತ್ತದೆ. ರಜೆಯಲ್ಲಿ ಕುಡಿದು ಬಂದನೆಂದು ಮೇಸ್ತ್ರಿ ಹಂಗಿಸುತ್ತಾನೆ. ಅದು ಕುಡಿತವಲ್ಲ, ಬಿಸಿನೋಸಿಸ್ ಎಂಬ ರೋಗ. ವರ್ಷಗಳು ಕಳೆದಂತೆ ಬಿಗಿತ ವಾರವಿಡೀ ನಿಲ್ಲುತ್ತದೆ, ಶ್ವಾಸಕೋಶ ಮತ್ತೆ ಸರಿಹೋಗದಂತೆ ಕೆಡುತ್ತದೆ. ಔದ್ಯೋಗಿಕ ರೋಗಗಳ ಕಾನೂನಿನ ಪಟ್ಟಿಯಲ್ಲಿ ಇದಕ್ಕೆ ಹೆಸರಿದೆ, ಪರಿಹಾರ ಕೇಳುವ ಹಕ್ಕೂ ಇದೆ. ಆದರೆ ರೋಗವೆಂದೇ ತಿಳಿಯದವನು ಏನನ್ನು ಕೇಳಿಯಾನು? ಐದನೆಯ ತರಗತಿಯಲ್ಲಿ ಉಸಿರಾಟದ ಪಾಠ ಮಾಡುವಾಗ ಶ್ವಾಸಕೋಶದ ಚಿತ್ರ ಬರೆಸುತ್ತಾರೆ. ಮೂಗಿನಿಂದ ಹೋದ ಧೂಳು ಎಲ್ಲಿ ಕೂರುತ್ತದೆಂದು ಕೇಳುವ ಮಗು ಗಿರಣಿಯ ಬಾಗಿಲವರೆಗೆ ಹೋಗಿ ನಿಂತೀತು. ಆ ಪ್ರಶ್ನೆ ಕೆಲವರಿಗೆ ಹಿತವಾಗದು.

ಇದೆಲ್ಲ ಕನಸೆನ್ನುವವರು ಹೋಶಂಗಾಬಾದಿನ ಕಥೆಯನ್ನು ತಿಳಿಯಲಿ. ಈಗ ನರ್ಮದಾಪುರಂ ಎಂದು ಹೆಸರಾದ ಮಧ್ಯಪ್ರದೇಶದ ಆ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿಶಾಲೆಗಳಲ್ಲಿ ಕೆಲಸ ಆರಂಭವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅದನ್ನು ಹೊತ್ತವು. ದೆಹಲಿ ವಿಶ್ವವಿದ್ಯಾಲಯದಂಥ ಕಡೆಯ ಅಧ್ಯಾಪಕರೂ ಸಂಶೋಧನ ವಿದ್ಯಾರ್ಥಿಗಳೂ ಹಳ್ಳಿಯ ಮೇಷ್ಟರುಗಳ ಜೊತೆ ನೆಲದ ಮೇಲೆ ಕುಳಿತು ಪಾಠ ಕಟ್ಟಿದರು. ಮಕ್ಕಳು ಹೊಲಕ್ಕೆ ಹೋಗಿ ಎಲೆ ಆಯ್ದು ವಿಂಗಡಿಸಿದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು, ಪ್ರಯೋಗ ಮಾಡಿ ತೋರಿಸಬೇಕಿತ್ತು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಏಕಲವ್ಯ ಸಂಸ್ಥೆ ಹುಟ್ಟಿ ಅದನ್ನು ಮುಂದೆ ನಡೆಸಿತು. ಕೊನೆಗೆ 15 ಜಿಲ್ಲೆಗಳ ಸುಮಾರು ಸಾವಿರ ಶಾಲೆಗಳನ್ನು ಮುಟ್ಟಿತು. 2002ರಲ್ಲಿ ರಾಜ್ಯ ಸರಕಾರ ಒಂದು ಆಜ್ಞೆಯಿಂದ ಅದನ್ನು ನಿಲ್ಲಿಸಿಬಿಟ್ಟಿತು. ಮೂವತ್ತು ವರ್ಷದ ದುಡಿಮೆಗೆ ಸರಕಾರ ಕೊಟ್ಟ ಬಹುಮಾನ ಅದು! ಆದರೂ ಬಡವರ ಮಕ್ಕಳಿಗೆ ಪ್ರಯೋಗದಿಂದ ಕಲಿಸುವುದು ಸಾಧ್ಯವೇ ಇಲ್ಲವೆಂಬ ಮಾತು ಅಲ್ಲಿಗೇ ಸುಳ್ಳಾಯಿತು.

ಕನ್ನಡದಲ್ಲಿ ಹೇಗೆ ಹೇಳುವುದೆಂದು ಕಾಲೇಜಿನವರು ಮೂಗೆಳೆಯುತ್ತಾರೆ. ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರು. ಅವರು 1918ರಲ್ಲೇ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು, ಆಮೇಲೆ ಜೀವವಿಜ್ಞಾನದ ಮೇಲೂ ಕನ್ನಡದಲ್ಲಿ ದೊಡ್ಡ ಗ್ರಂಥ ಬರೆದರು. ನೂರು ವರ್ಷ ಕಳೆದ ಮೇಲೂ ನಮ್ಮ ಪದವೀಧರನಿಗೆ ಎಲೆಯ ಊಟವನ್ನು ತಾಯಿನುಡಿಯಲ್ಲಿ ಹೇಳಲು ಬಾರದಿದ್ದರೆ, ಅವನಿಗೆ ಅದು ತಿಳಿದಿದೆಯೆಂದು ನಾವು ಏಕೆ ನಂಬಬೇಕು? ಎಂಟು ವರ್ಷದ ಮಗುವಿನ ಮುಂದೆ ನಿಲ್ಲುವುದು ವಿಶ್ವವಿದ್ಯಾಲಯದ ಯಾವ ಪರೀಕ್ಷೆಗಿಂತಲೂ ಕಠಿಣ.

ಹೊತ್ತಿಲ್ಲವೆನ್ನುತ್ತಾರೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸೇರಿದ ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಅದರಲ್ಲಿ ಎಷ್ಟು ಗಂಟೆ ಮಂತ್ರಿಗಳ ಸಭೆಗೆ ಕುರ್ಚಿ ಹಾಕುವುದರಲ್ಲಿ, ಗುಡಿಸಿದ ರಸ್ತೆಯನ್ನೇ ಮತ್ತೆ ಗುಡಿಸಿ ಫೋಟೋ ತೆಗೆಸಿಕೊಳ್ಳುವುದರಲ್ಲಿ ಕಳೆಯುತ್ತದೆಂಬುದು ವಿದ್ಯಾರ್ಥಿಗಳಿಗೇ ಗೊತ್ತು. ವಾರಕ್ಕೆರಡು ಗಂಟೆಯಂತೆ ಮೂವತ್ತು ವಾರ ಒಂದೇ ಶಾಲೆಗೆ, ಅದೇ ಮಕ್ಕಳ ಬಳಿಗೆ ಹೋದರೂ 60 ಗಂಟೆ ಉಳಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಪುಕ್ಕಟೆ ಹುಡುಗರು ಸಿಕ್ಕರೆಂದು ಖಾಲಿ ಬಿದ್ದ ಮೇಷ್ಟರ ಹುದ್ದೆಯನ್ನು ಹಾಗೆಯೇ ಬಿಡಲು ಸರಕಾರ ಹೇಸುವುದಿಲ್ಲ. ಆದ್ದರಿಂದ ವಿದ್ಯಾರ್ಥಿ ಬರುವುದು ಮೇಷ್ಟರ ಜೊತೆಗೆ, ಮೇಷ್ಟರ ಬದಲಿಗಲ್ಲ. ಅವನ ಬಸ್ಸಿನ ಖರ್ಚನ್ನು ಕಾಲೇಜು ಕೊಡಬೇಕು. ಬಡ ವಿದ್ಯಾರ್ಥಿಯ ಜೇಬಿನಿಂದ ಸೇವೆ ನಡೆಸುವುದು ಇನ್ನೊಂದು ಬಗೆಯ ಬಿಟ್ಟಿಯೇ.

ಸರಕಾರಿ ಶಾಲೆಯ ಎಸ್.ಡಿ.ಎಂ.ಸಿ.ಯಲ್ಲಿ ಕೂರುವವರು ನೀವೇ, ತಂದೆತಾಯಿಗಳು. ಮುಂದಿನ ಸಭೆಯಲ್ಲಿ ಗೊತ್ತುವಳಿ ಬರೆಸಿ: ಇಂಥ ಕಾಲೇಜಿನಿಂದ ಇಷ್ಟು ವಿದ್ಯಾರ್ಥಿಗಳು, ವಾರದ ಇಂಥ ದಿನ, ವರ್ಷಪೂರ್ತಿ. ಸಹಿ ಹಾಕಿದ ಪ್ರತಿಯನ್ನು ಪ್ರಿನ್ಸಿಪಾಲರ ಕೈಗೇ ಕೊಟ್ಟು, ತಲುಪಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ.