ಪಟ್ಟಿ ನೋಡಿ ಹೆಸರ ಇಡಬ್ಯಾಡ್ರಿ (ನಮ್ಮ ಕಲ್ಲು, ಭಾಗ 6)

ದೋಸ್ತರ, ಕಲ್ಲಿನ ಮ್ಯಾಲೆ ಕೆಂಪು-ಬಿಳಿ ಪಟ್ಟಿ ಕಂಡ ಕೂಡ್ಲೆ "ಕಣಶಿಲೆ" ಅಂತ ಕಮೆಂಟ್ ಹಾಕ್ತೀರಿ. ಪಟ್ಟಿ ಒಂದನ್ನ ನಂಬಿದ್ರ ಮೋಸ ಹೋಗ್ತೀರಿ ಅಂತೀನಿ ನಾನು.

ನೈಸ್ ಕಲ್ಲಿಗೂ ಪಟ್ಟಿ ಇರ್ತಾವ. ಆದ್ರ ಅದು ಭೂಮಿಯ ಆಳದಲ್ಲಿ ಶಾಖ, ಒತ್ತಡಕ್ಕೆ ಸಿಕ್ಕ ರೂಪಾಂತರ ಶಿಲೆ. ಅದರಾಗ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರ್ತಾವ. ಬಾಗಲಕೋಟೆ, ಲೋಕಾಪುರ ಕಡೆಯ ಸುಣ್ಣಕಲ್ಲಿನಾಗೂ ಪಟ್ಟಿ ಸಿಗ್ತಾವ. ಅದನ್ನ ಚಾಕುವಿನಿಂದ ಗೀರಬಹುದು. ಪುಡಿಗೆ ಲಿಂಬಿಹುಳಿ ಹಾಕಿದ್ರ ಸಣ್ಣಗೆ ನೊರೆ ಬರ್ತೈತಿ.

ಈಗ ಗೋಕಾಕ ಫಾಲ್ಸಿಗೆ ಬರ್ರಿ. ನಮ್ಮ ಯಮಕನಮರಡಿಯಿಂದ ದೂರೇನಿಲ್ಲ. ಘಟಪ್ರಭಾ 52 ಮೀಟರ್ ಕೆಳಗೆ ಧುಮುಕುವ ಆ ಬಂಡೆ ಮರಳುಗಲ್ಲು. ಲೆನ್ಸ್ ಹಿಡಿದು ನೋಡಿದ್ರ ಬೆಣಚುಕಲ್ಲಿನ ಮರಳು ಕಾಳು ಕಾಣ್ತಾವ. ಲಿಂಬಿಹುಳಿಗೆ ನೊರೆ ಬರಂಗಿಲ್ಲ. ಇದು ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು. ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಶಿಲೆಗಳ ಬಗ್ಗೆ ಬರೆದ ವರದಿ 1876ರಲ್ಲೇ ಪ್ರಕಟವಾಗೈತಿ.

ಪದರು ಅಂದ್ರ ಬರೀ ಬಣ್ಣ ಅಲ್ಲ. ಒಮ್ಮೆ ದಪ್ಪ ಮರಳು, ಒಮ್ಮೆ ಸಣ್ಣ ಮರಳು ಬಂದು ಕುಂತಿದ್ದರ ಲೆಕ್ಕ ಅದು. ಕಬ್ಬಿಣದ ತುಕ್ಕು ನೀರಿನ ಜೋಡಿ ಇಳಿದು, ಪದರನ್ನೇ ಅಡ್ಡ ದಾಟಿ ಕೆಂಪು ಗೆರೆ ಎಳೆಯುವುದೂ ಉಂಟು. ಆ ಗೆರೆಯನ್ನ ಪದರು ಅನ್ನಬ್ಯಾಡ್ರಿ. ಒಂದು ಪದರಿನ ಒಳಗೆ ಓರೆ ಗೆರೆ ಕಂಡ್ರ, ಮರಳು ತಂದ ಹರಿವು ಯಾವ ಕಡೆ ಹೊಂಟಿತ್ತು ಅನ್ನೋದು ತಿಳಿತೈತಿ.

ಅದಕ್ಕ ಹೇಳೋದು: ಕಲ್ಲು ಮುರಿದು ಮನಿಗೆ ತರಬ್ಯಾಡ್ರಿ. ತುಂಡು ಕೈಗೆ ಬಂದಮ್ಯಾಲೆ ಯಾವುದು ಮ್ಯಾಲೆ, ಯಾವುದು ಕೆಳಗ, ಹರಿವು ಎತ್ತ ಇತ್ತು ಅನ್ನೋ ಅರ್ಧ ಸಾಕ್ಷಿ ಅಲ್ಲೇ ಉಳಿತೈತಿ. ಬಂಡೆ ಮ್ಯಾಲೆ ಪೇಂಟಿನಲ್ಲಿ ಹೆಸರು ಬರೆದ್ರ ಮುಂದ ಬರೋರು ಓದಬೇಕಾದ ಸಾಲೇ ಮುಚ್ಚಿಹೋಗ್ತೈತಿ. ಡಬ್ಬಿಯೊಳಗಿನ ಕಲ್ಲಿನ ಹೆಸರು ಬಾಯಿಪಾಠ ಮಾಡಿಸೋದಕ್ಕಿಂತ, ಶಾಲೆಯವರು ಅರ್ಧ ದಿನ ಇಲ್ಲಿಗೆ ಕರ್ಕೊಂಡು ಬರೋದು ಮೇಲು.

ಮುಂದ ಕಲ್ಲಿನ ಫೋಟೋ ಕಳಿಸೋರು ಎರಡು ಕಳಿಸ್ರಿ: ಅಳತೆಗೆ ಪಕ್ಕದಲ್ಲಿ ಪೆನ್ ಇಟ್ಟು ಹತ್ತಿರದ್ದೊಂದು, ಇಡೀ ಬಂಡೆ ಕಾಣುವಂಥ ದೂರದ್ದೊಂದು. ಮಳಿಗಾಲದಾಗ ಫಾಲ್ಸಿನ ಅಂಚಿಗೆ ಮಾತ್ರ ಹೋಗಬ್ಯಾಡ್ರಿ, ಬಂಡೆ ಭಾಳ ಜಾರ್ತೈತಿ.

#ನಮ್ಮಕಲ್ಲು #ಗೋಕಾಕಫಾಲ್ಸ್ #ಯಮಕನಮರಡಿ