ಮನೆ ಕಾಯಲು ಅಜ್ಜಿಯೇ ಬೇಕೆ?

ಬೇಸಿಗೆ ರಜೆ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಬರುವವರ ಪ್ರಶ್ನೆಗಳು ಬದಲಾಗುತ್ತವೆ. ಮಗುವಿಗೆ ಬಸ್ಸಿನಲ್ಲಿ ವಾಂತಿಯಾಗದಂತೆ ಮಾತ್ರೆ ಬೇಕು, ಊಟಿಯ ಚಳಿಗೆ ಕೆಮ್ಮಿನ ಔಷಧಿ ಬೇಕು, ಕಾಶಿಯಲ್ಲಿ ಭೇದಿ ಹಿಡಿದರೆ ಏನು ಮಾಡಬೇಕು, ಹೀಗೆ. ಎರಡು ವರ್ಷದ ಹಿಂದೆ ಇಂಥದೇ ಒಂದು ಏಪ್ರಿಲ್‌ನಲ್ಲಿ ಬಂದ ದಂಪತಿಗಳು ಪ್ರಯಾಣದ ಔಷಧಿಗಳನ್ನೆಲ್ಲ ಬರೆಸಿಕೊಂಡು ಹೊರಟು ನಿಂತಾಗ, "ಅಮ್ಮನೂ ಬರುತ್ತಾರಾ?" ಎಂದು ಕೇಳಿದೆ. "ಇಲ್ಲ ಡಾಕ್ಟ್ರೇ, ಮನೆ ನೋಡಿಕೊಳ್ಳೋಕೆ ಒಬ್ಬರು ಬೇಕಲ್ಲ. ಒಂಬತ್ತೇ ದಿನ. ಅಪಾರ್ಟ್‌ಮೆಂಟು, ಕೆಳಗೆ ವಾಚ್‌ಮನ್ ಇರ್ತಾನೆ, ಭಯವೇನಿಲ್ಲ" ಎಂದರು. ನಾನೂ ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದಕ್ಕೆ ನನಗೆ ಇಂದಿಗೂ ಬೇಸರವಿದೆ.

ಆ ತಾಯಿಗೆ ಆಗ 74 ವರ್ಷ. ಹಳೆಯ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಮೂರನೆಯ ಮಹಡಿಯ ಫ್ಲ್ಯಾಟ್. ಹೊರಗೆ ಕಬ್ಬಿಣದ ಗ್ರಿಲ್ ಬಾಗಿಲು, ಒಳಗೆ ತೇಗದ ಬಾಗಿಲು, ಎರಡಕ್ಕೂ ಒಳಗಿನಿಂದ ಚಿಲಕ. ಯಾರು ಬೆಲ್ ಮಾಡಿದರೂ ಬಾಗಿಲು ತೆಗೆಯಬೇಡಿ ಎಂದು ಮಗ ಹೇಳಿ ಹೋಗಿದ್ದ. ಅವರು ಅಕ್ಷರಶಃ ಹಾಗೆಯೇ ನಡೆದುಕೊಂಡರು. ಒಬ್ಬಳಿಗೋಸ್ಕರ ಏನು ಅಡಿಗೆ ಎಂದು ನಾಲ್ಕನೆಯ ದಿನ ರಾತ್ರಿ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದರು. ಊಟ ಬಿಟ್ಟರೂ ಮಾತ್ರೆ ಬಿಡಲಿಲ್ಲ. ಬೆಳಗಿನ ಜಾವ ಬಚ್ಚಲಿಗೆ ಹೋದವರು ತಲೆ ಸುತ್ತಿ ಅಲ್ಲೇ ಬಿದ್ದರು.

ಬಾಗಿಲಿಗೆ ತೂಗುಹಾಕಿದ್ದ ಚೀಲದಲ್ಲಿ ಹಾಲಿನ ಪ್ಯಾಕೆಟ್ ಬಿಸಿಲೇರಿದರೂ ಹಾಗೆಯೇ ಇರುವುದನ್ನು ಎದುರು ಮನೆಯಾಕೆ ನೋಡಿದ್ದು ಹನ್ನೊಂದು ಗಂಟೆಗೆ. ಅವರ ಬಳಿ ಇನ್ನೊಂದು ಬೀಗದಕೈ ಇತ್ತು. ಆದರೆ ಒಳಗಿನಿಂದ ಚಿಲಕ ಹಾಕಿದ ಬಾಗಿಲಿಗೆ ಬೀಗದಕೈ ಏನು ಮಾಡೀತು? ಬಡಗಿಯನ್ನು, ಗ್ರಿಲ್ ಕತ್ತರಿಸುವವನನ್ನು ಕರೆತಂದು ಒಳಗೆ ಹೋಗುವಷ್ಟರಲ್ಲಿ ಇನ್ನೂ ಮುಕ್ಕಾಲು ಗಂಟೆ. ಅರೆಪ್ರಜ್ಞೆಯಲ್ಲಿದ್ದ ಅವರ ರಕ್ತದ ಸಕ್ಕರೆ 46 ಇತ್ತು. ಸೊಂಟದ ಬಳಿ ತೊಡೆಮೂಳೆ ಮುರಿದಿತ್ತು. ಮನೆಯಲ್ಲಿ ಒಂದು ಚಮಚವೂ ಕಳುವಾಗಿರಲಿಲ್ಲ.

ಮನೆ ಸುರಕ್ಷಿತವಾಗಿರಲಿ ಎಂದು ಮುದುಕರನ್ನು ಬಿಟ್ಟು ಹೋಗುವ ಈ ಪದ್ಧತಿ ವಠಾರದ ಕಾಲದಿಂದ ಬಂದದ್ದು. ಅಲ್ಲಿ ಅದು ಸರಿಯಾಗಿಯೇ ಇತ್ತು. ಅಜ್ಜ ಜಗಲಿಯ ಮೇಲೆ ಕುಳಿತಿರುತ್ತಿದ್ದರು, ದಿನಕ್ಕೆ ನಲವತ್ತು ಜನ ಮಾತಾಡಿಸುತ್ತಿದ್ದರು, ಅರ್ಧ ಗಂಟೆ ಕಾಣದಿದ್ದರೆ ಯಾರಾದರೂ ಒಳಗೆ ಇಣುಕುತ್ತಿದ್ದರು. ನಿಜವಾಗಿ ನೋಡಿದರೆ ಅಲ್ಲಿ ಮನೆಯನ್ನು ಅಜ್ಜ ಕಾಯುತ್ತಿರಲಿಲ್ಲ, ಬೀದಿಯೇ ಅಜ್ಜನನ್ನು ಕಾಯುತ್ತಿತ್ತು. ಫ್ಲ್ಯಾಟಿನಲ್ಲಿ ಬಾಗಿಲು ಮುಚ್ಚಿದರೆ ಪಕ್ಕದ ಮನೆಯ ಮಿಕ್ಸಿಯ ಸದ್ದೂ ಕೇಳುವುದಿಲ್ಲ. ಕೆಳಗಿನ ವಾಚ್‌ಮನ್ ಕಾಯುವುದು ಗೇಟನ್ನು, ಮೂರನೆಯ ಮಹಡಿಯ ಬಚ್ಚಲನ್ನಲ್ಲ. ಕಳ್ಳ ಬಂದೇಬಿಟ್ಟ ಎಂದುಕೊಳ್ಳಿ, 74 ವರ್ಷದ ಹೆಂಗಸು ಅವನನ್ನು ಏನು ಮಾಡಬೇಕೆಂದು ನಾವು ನಿರೀಕ್ಷಿಸುತ್ತೇವೆ? ಖಾಲಿ ಮನೆಗೆ ನುಗ್ಗಿದವನು ಒಡವೆ ಒಯ್ಯಬಹುದು. ಒಬ್ಬಂಟಿ ಮುದುಕರಿರುವ ಮನೆಗೆ ನುಗ್ಗಿದವನು ಮಾಡುವ ಹಾನಿಯನ್ನು ಪತ್ರಿಕೆಯಲ್ಲಿ ನೀವೇ ಓದಿದ್ದೀರಿ.

ಇದನ್ನು ಬರೆಯುತ್ತಿರುವ ನಾನೂ ಸಾಚಾ ಅಲ್ಲ. ಕೆಲವು ವರ್ಷಗಳ ಹಿಂದೆ ತಂದೆಯವರನ್ನು ಮನೆಯಲ್ಲಿ ಬಿಟ್ಟು ಐದು ದಿನ ಕೊಡೈಕೆನಾಲ್‌ಗೆ ಹೋಗಿದ್ದೆ. ಹೊರಡುವಾಗ ಹೇಳಿದ ಹತ್ತು ಮಾತಿನಲ್ಲಿ ಎಂಟು ಬೀಗದ ಬಗ್ಗೆ, ಎರಡು ಗ್ಯಾಸಿನ ಬಗ್ಗೆ. ಹಿಂದಿರುಗಿದಾಗ ಅವರ ಬಿಪಿ ಮಾತ್ರೆ ಮುಗಿದು ಮೂರು ದಿನವಾಗಿತ್ತು. ಅಂಗಡಿ ಇದ್ದದ್ದು ರಸ್ತೆಯ ತುದಿಯಲ್ಲೇ. ಯಾಕೆ ತರಲಿಲ್ಲ ಎಂದು ರೇಗಿದರೆ, "ಮನೆ ಬಿಟ್ಟು ಹೋಗಬೇಡಿ ಅಂದಿದ್ದೆಯಲ್ಲಪ್ಪ" ಎಂದರು.

ಸಕ್ಕರೆ ಕಾಯಿಲೆಯ ಮಾತ್ರೆಗಳ ಬಗ್ಗೆ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಆದರೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆಗಳು ನೀವು ಊಟ ಮಾಡಿದ್ದೀರೋ ಇಲ್ಲವೋ ಎಂದು ಕೇಳದೆ ಕೆಲಸ ಮಾಡುತ್ತವೆ. ಇನ್ಸುಲಿನ್ ಕೂಡ ಹಾಗೆಯೇ. ವಯಸ್ಸಾದವರಲ್ಲಿ ಮೂತ್ರಪಿಂಡಗಳ ಶಕ್ತಿ ಕುಂದಿರುವುದರಿಂದ ಮಾತ್ರೆಯ ಪ್ರಭಾವ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಒಬ್ಬರೇ ಇರುವ ಮುದುಕರು ಊಟ ಬಿಡುವುದು ಎಷ್ಟು ಸಾಮಾನ್ಯ ಎಂಬುದು ಮನೆಯವರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಮನೆಯವರಿದ್ದಾಗ ಅವರು ಊಟ ಬಿಡುವುದಿಲ್ಲ. ಆದ್ದರಿಂದ ಪ್ರವಾಸಕ್ಕೆ ಮುಂಚೆ ಅವರನ್ನೂ ಒಮ್ಮೆ ವೈದ್ಯರ ಬಳಿ ಕರೆದುಕೊಂಡು ಹೋಗಿ, ಊಟ ತಪ್ಪಿದ ದಿನ ಯಾವ ಮಾತ್ರೆ ನಿಲ್ಲಿಸಬೇಕು ಎಂದು ಬರೆಸಿಕೊಳ್ಳಿ. ಬೆವರು, ನಡುಕ, ತೊದಲು ಮಾತು ಕಂಡರೆ ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ನೀರಿನಲ್ಲಿ ಕದಡಿ ಕುಡಿಯಬೇಕು, ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ.

ಬಿದ್ದ ಪೆಟ್ಟಿಗಿಂತ ಬಿದ್ದಲ್ಲೇ ಗಂಟೆಗಟ್ಟಲೆ ಇರುವುದು ಎಷ್ಟೋ ಸಲ ಹೆಚ್ಚು ಅಪಾಯಕಾರಿ. ಮೈಯ ಭಾರ ಒಂದೇ ಕಡೆ ಬಿದ್ದು ಸ್ನಾಯುಗಳು ಜಜ್ಜಿಹೋಗುತ್ತವೆ, ಅದರ ಕಶ್ಮಲ ರಕ್ತಕ್ಕಿಳಿದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ನೀರಿಲ್ಲದೆ ದೇಹ ಒಣಗುತ್ತದೆ, ಚರ್ಮ ಹುಣ್ಣಾಗುತ್ತದೆ. ಆದ್ದರಿಂದಲೇ ಚಿಲಕದ ಮಾತನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ವಯಸ್ಸಾದವರು ಒಬ್ಬರೇ ಇರುವ ಫ್ಲ್ಯಾಟಿಗೆ ಹೊರಗಿನಿಂದಲೂ ಕೀಲಿಯಲ್ಲಿ ತೆರೆಯಬಹುದಾದ ಬೀಗ ಸಾಕು. ಒಳಚಿಲಕ ಬೇಡ, ಬಚ್ಚಲಿಗಂತೂ ಬೇಡವೇ ಬೇಡ. ಇನ್ನೊಂದು ಬೀಗದಕೈ ಪಕ್ಕದ ಮನೆಯಲ್ಲಿರಲಿ. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ನೀವು ಫೋನ್ ಮಾಡಿ. ಕಾಲು ಗಂಟೆಯೊಳಗೆ ಉತ್ತರ ಬರದಿದ್ದರೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಬೇಕೆಂದು ಮೊದಲೇ ಮಾತಾಗಿರಲಿ. ಆಂಬುಲೆನ್ಸಿಗೆ 108, ಪೊಲೀಸರಿಗೆ 112. ಇವೆರಡನ್ನೂ ನಿಮ್ಮ ವೈದ್ಯರ ಸಂಖ್ಯೆಯನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

"ಅಮ್ಮನೇ ಬರೋಲ್ಲ ಅಂತಾರೆ, ಏನು ಮಾಡೋಣ?" ಎಂದು ಕೇಳುವವರಿದ್ದಾರೆ. ಮಂಡಿನೋವಿನವರಿಗೆ ರೈಲಿನ ಪಾಯಿಖಾನೆ ಒಂದು ಶಿಕ್ಷೆ, ಒಪ್ಪುತ್ತೇನೆ. ಅವರು ಮನೆಯಲ್ಲೇ ಇರಲಿ. ಆದರೆ ಮನೆಯ ಯಜಮಾನಿತಿಯಾಗಿ ಇರಲಿ, ಕಾವಲಿಗಲ್ಲ. ಬಾಗಿಲು ತೆರೆದು ಗೆಳತಿಯರನ್ನು ಕರೆಯಲಿ, ಸಂಜೆ ದೇವಸ್ಥಾನಕ್ಕೆ ಹೋಗಿಬರಲಿ. ಹಾಗೆ ಹೋಗಿಬರಬೇಕಾದರೆ ಮೊದಲು ಒಡವೆಗಳು ಬ್ಯಾಂಕಿನ ಲಾಕರಿಗೆ ಹೋಗಬೇಕು.

ಇನ್ನು ಎಲ್ಲರೂ ಹೊರಡುವುದಾದರೆ ಬೀಗ ಹಾಕಿ ಹೊರಡಿ. ಹಾಲು, ಪತ್ರಿಕೆ ನಿಲ್ಲಿಸಿ, ಅಸೋಸಿಯೇಷನ್ನಿನವರಿಗೆ ಹೇಳಿ, ಠಾಣೆಗೂ ತಿಳಿಸಿ ಎಂದು ಪೊಲೀಸರು ಪ್ರತಿ ರಜೆಯಲ್ಲೂ ಹೇಳುತ್ತಾರೆ. ಆ ಮಾತನ್ನು ಕೇಳಬೇಕು. ಪ್ರವಾಸದ ಫೋಟೋಗಳನ್ನು ಹಿಂದಿರುಗಿದ ಮೇಲೆ ವಾಟ್ಸಾಪಿನಲ್ಲಿ ತೋರಿಸಿದರೂ ಹಿಮಾಲಯ ಕರಗುವುದಿಲ್ಲ.

ವೈದ್ಯನಾಗಿ ನಾನು ಸೇರಿಸುವ ಮಾತೆಂದರೆ, ಬೀಗ ಹಾಕಿದ ಮನೆಗೆ ನುಗ್ಗುವ ಇನ್ನೊಬ್ಬನಿದ್ದಾನೆ. ಡೆಂಗೆ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು, ಹೆಚ್ಚುಕಡಿಮೆ ನಿಮ್ಮ ಪ್ರವಾಸದಷ್ಟೇ. ಕುಂಡದ ಕೆಳಗಿನ ತಟ್ಟೆ, ಬಚ್ಚಲ ಬಕೆಟ್ಟು, ಫ್ರಿಜ್ಜಿನ ಹಿಂದಿನ ಟ್ರೇ ಖಾಲಿ ಮಾಡಿ ಉಜ್ಜಿ ತೊಳೆಯಿರಿ. ಸುಮ್ಮನೆ ನೀರು ಚೆಲ್ಲಿದರೆ ಸಾಲದು, ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದೂ ಬದುಕುತ್ತದೆ. ಕಮೋಡಿನ ಮುಚ್ಚಳ ಹಾಕಿ, ಬಚ್ಚಲ ಜಾಲರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಭಾರ ಇಡಿ. ಮನೆಯಲ್ಲಿ ಉಳಿಸಿದ ಇನ್ಸುಲಿನ್ ಇದ್ದರೆ ಫ್ರಿಜ್ಜಿನ ಸ್ವಿಚ್ ಆರಿಸಬೇಡಿ, ಬೇಕಾದರೆ ಅದನ್ನು ಪಕ್ಕದ ಮನೆಯ ಫ್ರಿಜ್ಜಿನಲ್ಲಿಡಿ. ಮನೆ ಖಾಲಿ ಇದೆಯೆಂದು ಜಿರಲೆ, ತಿಗಣೆಗೆ ವಿಷ ಹೊಡೆಸಿ ಹೋಗುವವರು, ಹಿಂದಿರುಗಿದ ಕೂಡಲೇ ಮಕ್ಕಳನ್ನು ಒಳಗೆ ಬಿಡಬಾರದು. 2022ರಲ್ಲಿ ಬೆಂಗಳೂರಿನಲ್ಲಿ ಊರಿನಿಂದ ಹಿಂದಿರುಗಿದ ಕುಟುಂಬವೊಂದು ಇಂಥ ಮನೆಯೊಳಗೆ ಹೋಗಿ ಮಗುವನ್ನು ಕಳೆದುಕೊಂಡಿತು. ಗ್ಯಾಸಿನ ವಾಸನೆ ಬಂದರೆ ಲೈಟಿನ ಸ್ವಿಚ್ಚನ್ನು ಮುಟ್ಟದೆ, ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅಡಿಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಂತಿರುತ್ತದೆ.

ಆ 74ರ ತಾಯಿ ಈಗ ವಾಕರ್ ಹಿಡಿದು ನಡೆಯುತ್ತಾರೆ. ಹೋದ ವಾರ ಸೊಸೆಯ ಜೊತೆ ಬಂದಿದ್ದರು. ಮೇ ತಿಂಗಳಲ್ಲಿ ಇವರೆಲ್ಲ ಶಿಮ್ಲಾಕ್ಕೆ ಹೋಗುತ್ತಾರಂತೆ, ಅವರು ತಿಪಟೂರಿನ ತಂಗಿಯ ಮನೆಗೆ. ಮಾತ್ರೆ ಹನ್ನೆರಡು ದಿನಕ್ಕೆ ಬರೆಯಲು ಹೊರಟೆ. "ಹದಿನೈದು ದಿನಕ್ಕೆ ಬರೀರಿ, ಅವಳು ಬೇಗ ಬಿಡೋಲ್ಲ" ಎಂದರು.