ದೋಣಿ ಕಟ್ಟುವ ಕೈಗೆ ಕೆಲಸ

ಮುಂಬಯಿಗೂ ಕೊಚ್ಚಿಯಂತೆ ಜಲಮೆಟ್ರೋ ಬರಲಿದೆ ಎಂಬ ಮಾತು ನಡೆದಿದೆ. ಬರಲಿ, ಸಂತೋಷವೇ. ಬೆಳಗಿನ ಲೋಕಲಿಗೆ ಜೋತುಬಿದ್ದು ಬರುವ ನಮ್ಮ ಹೋಟೆಲು ಬಂಧುಗಳಿಗೆ ಇನ್ನೊಂದು ದಾರಿ ತೆರೆದರೆ ಬೇಡವೆನ್ನುವವರು ಯಾರು? ಆದರೆ ಆ ದೋಣಿಗಳನ್ನು ಕಟ್ಟುವವರು ಯಾರೆಂದು ಯಾರೂ ಕೇಳಿದಂತೆ ಕಾಣುವುದಿಲ್ಲ. ನಾವು ಕೇಳುತ್ತೇವೆ.

ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ ಜನರನ್ನೂ ಮೋಟಾರುಗಳನ್ನೂ ಒಯ್ಯಲು 2020ರಲ್ಲಿ ತಂದ ಹಡಗು ಗ್ರೀಸ್ ದೇಶದಲ್ಲಿ ಕಟ್ಟಿದ್ದು. ಪರದೇಶದ್ದಾದರೆ ಭದ್ರವೆಂಬ ನಂಬಿಕೆ ನಮ್ಮಲ್ಲಿ ಹಳೆಯದು. 1947ರ ಜುಲೈ 17ರಂದು ರೇವಸ್‌ಗೆ ಹೊರಟು, 600ಕ್ಕೂ ಹೆಚ್ಚು ಜನರೊಡನೆ ಮುಳುಗಿದ 'ರಾಮದಾಸ್' ಬ್ರಿಟನ್ನಿನಲ್ಲಿ ಕಟ್ಟಿದ ಹಡಗೇ ಆಗಿತ್ತು. ಕಟ್ಟಿದವರದು ತಪ್ಪೆಂದು ನಾವು ಹೇಳುತ್ತಿಲ್ಲ. ಮಳೆಗಾಲದ ಕಡಲು ಹಡಗಿನ ಊರು ಕೇಳುವುದಿಲ್ಲ, ಅಷ್ಟೇ.

ಕೇರಳದವರನ್ನು ನೋಡಿ. ವೈಕಂನ ಕಡವಿನಲ್ಲಿ 2017ರ ಜನವರಿಯಲ್ಲಿ ಓಡಾಟಕ್ಕಿಳಿದ, ಬಿಸಿಲಿನ ಶಕ್ತಿಯ, 75 ಜನ ಹಿಡಿಯುವ 'ಆದಿತ್ಯ' ಅಲ್ಲಿಯವರೇ ಕಟ್ಟಿದ ದೋಣಿ. 2023ರ ಏಪ್ರಿಲಿನಲ್ಲಿ ಆರಂಭವಾದ ಜಲಮೆಟ್ರೋದ ದೋಣಿಗಳೂ ಕೊಚ್ಚಿಯ ಹಡಗು ಕಾರ್ಖಾನೆಯಲ್ಲೇ ಆದವು.

ನಮ್ಮ ಕರಾವಳಿಗೆ ಈ ಕಸುಬು ಹೊಸತೇ? ಹೆಬ್ಬಲಸಿನ ಹಲಗೆ ಬಗ್ಗಿಸಿ, ಸಂದಿಗೆ ಹತ್ತಿ ತುರುಕಿ, ಮೀನೆಣ್ಣೆ ಬಳಿದು ಮಂಜಿ ಕಟ್ಟಿದ ಆಚಾರಿಗಳಿಗೆ ನಕ್ಷೆ ಇದ್ದದ್ದು ತಲೆಯಲ್ಲಿ. ಕಡವು ದಾಟಿಸುವ ದೋಣಿಯೂ ಅವರದೇ ಕೈಕೆಲಸ. ಸೇತುವೆಗಳು ಬಂದಂತೆ ಕಡವುಗಳು ಹೋದವು. (ಗಂಗೊಳ್ಳಿ ಕುಂದಾಪುರದ ಕಣ್ಣೆದುರೇ ಇದ್ದರೂ ರಸ್ತೆಯಲ್ಲಿ ತ್ರಾಸಿ ಸುತ್ತಿಯೇ ಹೋಗಬೇಕು!) ಕಸುಬು ಹೋದ ಮನೆಗಳ ಮಕ್ಕಳು ಇಲ್ಲಿ ಬಂದು ಕಪ್ಪುಬಸಿ ತೊಳೆದರು. ಕಸುಬು ಹೋಗುವುದೆಂದರೇನೆಂದು ನಮ್ಮ ಗಿರಣಿ ಬಂಧುಗಳಿಗೆ ಹೇಳಬೇಕಾಗಿಲ್ಲ.

ದಿವಾಳಿಯಾಗಿದ್ದ ಮಲ್ಪೆಯ ಹಡಗು ಕಾರ್ಖಾನೆಯನ್ನು 2020ರಲ್ಲಿ ಕೊಚ್ಚಿಯ ಸರ್ಕಾರಿ ಸಂಸ್ಥೆ ವಹಿಸಿಕೊಂಡಿತು. ಹಂಗಾರಕಟ್ಟೆಯಲ್ಲಿಯೂ ಅದರ ಅಂಗಳವಿದೆ. ನಾರ್ವೆಯ ಕಂಪನಿಯೊಂದು ತನ್ನ ಸರಕುಹಡಗುಗಳಿಗೆ ಇದೇ ಕಾರ್ಖಾನೆಯೊಡನೆ ಕರಾರು ಮಾಡಿಕೊಂಡಿದೆ. ನಾರ್ವೆಗೆ ಒಪ್ಪಿಗೆಯಾದ ಕೈ ಮುಂಬಯಿಗೆ ಆಗದೆ?

ಆದ್ದರಿಂದ ಜಲಮೆಟ್ರೋದ ಟೆಂಡರು ಹೊರಡುವ ಮೊದಲೇ ಎರಡು ಮಾತು ಕರಾರಿನಲ್ಲಿ ಸೇರಬೇಕು. ದೋಣಿಗಳು ಈ ಪಶ್ಚಿಮ ಕರಾವಳಿಯಲ್ಲೇ ಆಗಬೇಕು. ಬೆಸುಗೆಯ ಹೊಗೆ ಕುಡಿಯುವವನು ಗುತ್ತಿಗೆದಾರನ ಆಳಾಗಿ ಉಳಿಯದೆ ಭವಿಷ್ಯನಿಧಿ, ಇ.ಎಸ್.ಐ. ಉಳ್ಳ ಖಾಯಂ ಕೆಲಸಗಾರನಾಗಬೇಕು. ಎರಡನೆಯದಿಲ್ಲದೆ ಮೊದಲನೆಯದರಿಂದ ಲಾಭ ಗುತ್ತಿಗೆದಾರನಿಗೆ ಮಾತ್ರ.

ಮನವಿ ಬರೆದಾಗಿದೆ. ಬಂಧುಗಳು ತಮ್ಮ ವಾರದ ರಜೆಯ ದಿನ ಸಂಘದ ಕಚೇರಿಗೆ ಬಂದು ಸಹಿ ಹಾಕಬೇಕು. ಊರಲ್ಲಿ ದೋಣಿ ಕೆಲಸ ಬಲ್ಲವರಿದ್ದರೆ ಅವರ ಹೆಸರನ್ನೂ ಬರೆಸಬೇಕು.